ಐರ್ಲೆಂಡಿನ ಮೂರ್ ಹಾಲ್ ಬಂಗಲೆ ಹಾಳುಬಿದ್ದಿದ್ದು ಹೇಗೆ?

ತಾನಾಗಿ ಬಿದ್ದಿದ್ದಲ್ಲ, ಸುಟ್ಟಿದ್ದು. 1923ರ ಫೆಬ್ರವರಿ 1ರಂದು, ಅಲ್ಲಿನ ಅಂತರ್ಯುದ್ಧದ ಸಮಯದಲ್ಲಿ, ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪದ ಬಂಡುಕೋರರು ಬೆಂಕಿ ಇಟ್ಟರು. ಈ ಮನೆತನದ ಮಾರಿಸ್ ಮೂರ್, ಆ ಒಪ್ಪಂದ ಒಪ್ಪಿಕೊಂಡ ಹೊಸ ಸರ್ಕಾರದ ಕಡೆ ಸೆನೆಟರ್ ಆಗಿದ್ದರು, ಅದೇ ಸಿಟ್ಟು.

ಮೇಯೋ ಕೌಂಟಿಯಲ್ಲಿ ಲಾಕ್ ಕ್ಯಾರಾ ಸರೋವರದ ಪಕ್ಕ ಇರುವ ಈ ಮನೆ ಕಟ್ಟಿಸಿದ್ದು 1790ರ ದಶಕದಲ್ಲಿ, ಸ್ಪೇನಿನ ಅಲಿಕಾಂಟೆಯಲ್ಲಿ ವ್ಯಾಪಾರ ಮಾಡಿ ದುಡ್ಡು ಮಾಡಿಕೊಂಡು ಬಂದ ಜಾರ್ಜ್ ಮೂರ್. ಅವರ ಮಗ ಜಾನ್, 1798ರಲ್ಲಿ ಬ್ರಿಟಿಷರ ವಿರುದ್ಧದ ಬಂಡಾಯಕ್ಕೆ ನೆರವಾಗಲು ಫ್ರೆಂಚ್ ಸೈನ್ಯ ಬಂದಿಳಿದಾಗ, ಅಲ್ಲಿ ಘೋಷಿಸಿದ ಕೊನಾಕ್ಟ್ ಗಣರಾಜ್ಯದ (ಕೊನಾಕ್ಟ್ ಅಂದರೆ ಐರ್ಲೆಂಡಿನ ಪಶ್ಚಿಮದ ಪ್ರಾಂತ್ಯ) ಅಧ್ಯಕ್ಷರಾದರು. ಅದು ಕೆಲವೇ ವಾರ ಬಾಳಿತು. ಮರುವರ್ಷ ಅವರು ಸೆರೆಯಲ್ಲೇ ತೀರಿಕೊಂಡರು.

ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಕಥೆ. ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ, 1846ರಲ್ಲಿ, ಇದೇ ಮನೆತನದ ಜಾರ್ಜ್ ಹೆನ್ರಿ ಮೂರ್ ಅವರ ಕೊರಾನಾ ಎಂಬ ಕುದುರೆ ಇಂಗ್ಲೆಂಡಿನ ಚೆಸ್ಟರ್ ಕಪ್ ರೇಸ್ ಗೆದ್ದಿತು. ಆ ದುಡ್ಡಿನಲ್ಲಿ ಅವರು ತಮ್ಮ ಗೇಣಿದಾರರಿಗೆ ನೆರವಾದರು. ಎಷ್ಟೋ ಜಮೀನುದಾರರು ಗೇಣಿ ಕೊಡದವರನ್ನು ಬೀದಿಗೆ ತಳ್ಳುತ್ತಿದ್ದ ದಿನಗಳವು, ಅಲ್ವಾ. ಅಂಥವರ ಮನೆಯೇ ಸುಟ್ಟುಹೋಯಿತು.

ಈಗ ಛಾವಣಿ ಇಲ್ಲ, ಬರೀ ಗೋಡೆ, ಖಾಲಿ ಕಿಟಕಿ. 2018ರಲ್ಲಿ ಮೇಯೋ ಕೌಂಟಿ ಕೌನ್ಸಿಲ್ ಇದನ್ನು ಕೊಂಡುಕೊಂಡಿತು. ಆದರೆ ಸುಮ್ನೆ ಹೋಗಿ ರಿಪೇರಿ ಶುರು ಮಾಡುವ ಹಾಗಿಲ್ಲ, ಅಲ್ಲಿ ಕಾನೂನಿನ ರಕ್ಷಣೆ ಇರುವ ಲಾಳಮೂಗಿನ ಪುಟ್ಟ ಬಾವಲಿಗಳು ಬೀಡುಬಿಟ್ಟಿವೆ.