ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಅನ್ನೋ ಅಮೆರಿಕನ್ ಕಾಮಿಡಿ ಶೋದ ಮೊದಲ ಸೀಸನ್ ಬೋರ್ ಹೊಡೀತಿದೆ, ಎರಡು ಎಪಿಸೋಡ್‌ಗೇ ಸಾಕಾಯ್ತು, ದಂಡ ಕಟ್ಟಿದಂಗೆ, ಸೀದಾ ಮೂರನೇದಕ್ಕೆ ಹೋಗ್ಬಹುದಾ?

ಹೋಗ್ಬೇಡಿ. ನೀವು ಎರಡು ಎಪಿಸೋಡ್‌ಗೆ ಸಾಕಾಯ್ತು ಅಂದ್ರಲ್ಲ, ನಾನೂ ಕರೆಕ್ಟಾಗಿ ಅಲ್ಲೇ ಲ್ಯಾಪ್‌ಟಾಪ್ ಮುಚ್ಚಿದ್ದೆ.

2017ರಲ್ಲಿ, ಬಿಟಿಎಂ ಲೇಔಟ್‌ನ ಪಿಜಿಲಿದ್ದೆ. ದೊಡ್ಡಮ್ಮನ ಮಗಳು ಡಲ್ಲಾಸ್‌ನಲ್ಲಿದ್ಲು, ಭಾನುವಾರ ಫೋನ್ ಮಾಡಿದಾಗೆಲ್ಲ ನೋಡ್ದ್ಯೇನೋ ನೋಡ್ದ್ಯೇನೋ ಅಂತ ಒಂದೇ ವರಾತ. ನೋಡಿದ್ರೆ ಏನಿದೆ, ಪಾನೀ ಅನ್ನೋ ಊರಲ್ಲಿ ಒಂದು ಗುಂಡಿ, ಅದ್ರಲ್ಲಿ ಆಂಡಿ ಅನ್ನೋನು ಬಿದ್ದು ಎರಡೂ ಕಾಲು ಮುರ್ಕೊಂಡಿದಾನೆ, ಲೆಸ್ಲಿ ಅನ್ನೋ ಸರ್ಕಾರಿ ನೌಕರಳು ಅಲ್ಲಿ ಪಾರ್ಕ್ ಮಾಡ್ತೀನಿ ಅಂತ ಹೊರಟು ತಾನೇ ಗುಂಡಿಗೆ ಬೀಳ್ತಾಳೆ. ಎಲ್ಲಾ ಅವಳನ್ನ ಪೆದ್ದಿ ಥರ ನೋಡ್ತಾರೆ. ದಿ ಆಫೀಸ್ ಅನ್ನೋ ಇನ್ನೊಂದು ಕಾಮಿಡಿ ಶೋದ ಪೆದ್ದ ಬಾಸ್ ಮೈಕಲ್ ಸ್ಕಾಟ್‌ಗೆ ಹೆಣ್ಣು ವೇಷ ಹಾಕ್ದಂಗಿತ್ತು. ಎರಡೂ ಶೋ ಹಿಂದೆ ಗ್ರೆಗ್ ಡೇನಿಯಲ್ಸೇ ಇದ್ದ, ಬಿಡಿ.

ಆಮೇಲೆ ನಾನು ಮಾಡಿದ ಕತ್ತೆ ಕೆಲಸ ಕೇಳಿ. ಯಾರೋ ಮೂರನೇ ಸೀಸನ್ನಿಂದ ಶುರು ಮಾಡಿ ಅಂತ ಬರೆದಿದ್ರು, ಅದನ್ನ ನಂಬ್ಕೊಂಡೆ. ಬರೀ ಸ್ಕಿಪ್ ಮಾಡಿದ್ರೆ ಪರ್ವಾಗಿರ್ಲಿಲ್ಲ, ಮಧ್ಯದ 28 ಎಪಿಸೋಡ್‌ನ ಕಥೆ ಕೂತು ಓದ್ದೆ, ಒಂದೊಂದೂ, ಪರೀಕ್ಷೆಗೆ ಗೈಡ್ ಓದ್ದಂಗೆ. ಕಥೆ ಗೊತ್ತಾದ್ರೆ ಸಾಕು, ಜನ ಗೊತ್ತಾದಂಗೇ ಅಂದ್ಕೊಂಡ್ಬಿಟ್ಟೆ. ಮೂರನೇ ಸೀಸನ್ನಲ್ಲಿ ಆಂಡಿ, ಲೆಸ್ಲಿ ಆಫೀಸಲ್ಲಿರೋ ಏಪ್ರಿಲ್ ಅನ್ನೋ ಹುಡುಗಿ, ಇಬ್ರೂ ಮನೆಗೆ ಊಟಕ್ಕೆ ಕರ್ದು ಅಲ್ಲೇ ದಿಢೀರಂತ ಮದ್ವೆ ಆಗ್ತಾರೆ. ಅಕ್ಕ ಅದನ್ನ ನೋಡಿ ಗೊಳೋ ಅಂತ ಅತ್ತಿದ್ಲಂತೆ. ನಂಗೆ, ಯಾರದೋ ಮದ್ವೆಗೆ ಊಟಕ್ಕೆ ಮಾತ್ರ ಹೋದಂಗಾಯ್ತು. ಗೈಡಲ್ಲಿ ಇಬ್ರಿಗೂ ಸಲಿಗೆ ಬೆಳೆಯುತ್ತದೆ ಅಂತ ಒಂದು ಸಾಲಿತ್ತು ಅಷ್ಟೇ.

ಆ ಸಾಲು ಎರಡನೇ ಸೀಸನ್ನಿನ ಹಂಟಿಂಗ್ ಟ್ರಿಪ್ ಎಪಿಸೋಡ್‌ದು. ಆಫೀಸಲ್ಲಿ ಏಪ್ರಿಲ್ ಒಬ್ಳೇ, ಫೋನಲ್ಲಿ ಹೋಲ್ಡ್ ಮ್ಯೂಸಿಕ್ ಕೇಳ್ಕೊಂಡು ಕೂತಿರ್ತಾಳೆ, ಆಂಡಿ ಬಂದು ಜೊತೆಗೆ ಕೂತ್ಕೋತಾನೆ, ಹೊತ್ತು ಹೋಗ್ಲಿ ಅಂತ ಏನೇನೋ ಹುಚ್ಚಾಟ ಆಡ್ತಾರೆ. ಅಷ್ಟೇ ರೀ! ಅದೇ ಎಪಿಸೋಡಲ್ಲಿ ಬೇಟೆಗೆ ಹೋದ ಲೆಸ್ಲಿ ಬಾಸ್ ರಾನ್ ತಲೆಗೆ ಗುಂಡು ಸವರ್ಕೊಂಡು ಹೋಗತ್ತೆ, ಲೆಸ್ಲಿ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡು, ವಿಚಾರಿಸೋಕೆ ಬಂದ ಕಾಡಿನ ರೇಂಜರ್ ಮುಂದೆ, ಹೆಂಗಸ್ರು ಅಂದ್ರೆ ಹೀಗೇ ಅಂತ ಆ ರೇಂಜರ್ ಏನೇನು ಅಂದ್ಕೊಂಡಿರ್ತಾನೋ ಅವನ್ನೆಲ್ಲ ಒಂದಾದ ಮೇಲೊಂದು ನೆಪ ಮಾಡಿ ಒಪ್ಪಿಸ್ತಾ ಹೋಗ್ತಾಳೆ, ಅವ್ನು ನಂಬ್ತಾ ಹೋಗ್ತಾನೆ. ಮುಂಚಿನ ಪೆದ್ದಿ ಇವಳೇನಾ ಅನ್ಸತ್ತೆ. ಗುಂಡು ಹೊಡೆದಿದ್ದು ಯಾರು ಅಂತ ನಾನು ಹೇಳಲ್ಲ. ನಂಗೆ ಮೊದ್ಲೇ ಗೊತ್ತಿತ್ತಲ್ಲ, ಎರಡು ವರ್ಷ ಬಿಟ್ಟು ವಾಪಸ್ ಬಂದು ನೋಡ್ದಾಗ ಆ ಮಜಾನೇ ಸಿಗ್ಲಿಲ್ಲ, ಇನ್ನು ಸಿಗೋದೂ ಇಲ್ಲ. ಅದೇ ಹೊಟ್ಟೆ ಉರಿ.

ಇನ್ನೊಂದು, ನೀವು ಮೊದಲ ಸೀಸನ್ ದಂಡ ಕಟ್ಟಿದಂಗೆ ಅಂದಿದೀರ, ಅದನ್ನೂ ನಾನು ಒಪ್ಪಲ್ಲ. ಆರೇ ಎಪಿಸೋಡು, 2009ರ ಏಪ್ರಿಲ್‌ನಲ್ಲಿ ಶುರುವಾಗಿ ಮೇನಲ್ಲಿ ಮುಗ್ದೋಯ್ತು. ಎಲ್ಲಾ ಸೇರಿದ್ರೂ ಒಂದು ಕನ್ನಡ ಸಿನಿಮಾದಷ್ಟು ಉದ್ದ ಇಲ್ಲ. ಸೆಪ್ಟೆಂಬರಲ್ಲಿ ಬಂದ ಎರಡನೇ ಸೀಸನ್ನಲ್ಲೂ ಲೆಸ್ಲಿ ಏನೂ ಬದಲಾಗಲ್ಲ, ಮೊದಲ್ನೇ ಎಪಿಸೋಡಲ್ಲೇ ಝೂನಲ್ಲಿ ಎರಡು ಪೆಂಗ್ವಿನ್‌ಗೆ ಮದ್ವೆ ಮಾಡಿಸ್ತಾಳೆ, ಆಮೇಲೆ ಗೊತ್ತಾಗತ್ತೆ ಎರಡೂ ಗಂಡು ಅಂತ. ಬದಲಾಗೋದು ಸುತ್ತ ಇರೋರು ಅವಳನ್ನ ನೋಡೋ ರೀತಿ. ಇವಳ ಕಾಟ ತಡ್ಯಕ್ಕಾಗಲ್ಲ, ಆದ್ರೆ ಇವಳಷ್ಟು ಕೆಲ್ಸ ನಮ್ ಕೈಲಾಗಲ್ಲ ಅನ್ನೋ ಥರ. ಮುಂಚೆ ಹೆಂಗೆ ನೋಡ್ತಿದ್ರು ಅಂತ ಗೊತ್ತಿಲ್ದೆ ಇದು ಹೆಂಗ್ರೀ ಗೊತ್ತಾಗತ್ತೆ?

ಉಳಿದಿರೋ ನಾಲ್ಕನ್ನ ಇವತ್ತು ರಾತ್ರಿ ಊಟ ಮಾಡ್ತಾ ಮುಗಿಸಿ. ಹಂಟಿಂಗ್ ಟ್ರಿಪ್ ಎರಡನೇ ಸೀಸನ್ನಿನ ಹತ್ತನೇದು, ಅಲ್ಲಿವರ್ಗೂ ಯೂಟ್ಯೂಬ್‌ನಲ್ಲಿ ಕ್ಲಿಪ್ ನೋಡ್ಬೇಡಿ, ಕೆಳಗಿನ ಕಾಮೆಂಟ್ ಅಂತೂ ಓದ್ಲೇಬೇಡಿ.