ಹಂಡೆ ನೀರು ಕಾಯುವಷ್ಟರಲ್ಲಿ ಚಿಗಾಂಗ್

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 54 ವರ್ಷ, ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮೂರು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದೇನೆ. ಅಡಿಕೆ ಸುಲಿತ ಶುರುವಾದರೆ ಕುತ್ತಿಗೆ, ಹೆಗಲು ಹಿಡಿದುಕೊಳ್ಳುತ್ತದೆ. ನಿದ್ದೆಯೂ ಸರಿಯಾಗಿ ಬರಲ್ಲ. ಬೆಂಗಳೂರಲ್ಲಿರುವ ಮಗಳು ಚಿಗಾಂಗ್ ಅಂತ, ಉಸಿರಿನ ಜೊತೆ ನಿಧಾನ ಕೈಕಾಲು ಆಡಿಸುವ ಚೀನಾದ ವ್ಯಾಯಾಮದ ವಿಡಿಯೋ ಕಳಿಸಿ ದಿನಾ ಮಾಡು ಅಂತಾಳೆ. ನಾಲ್ಕು ದಿನ ಮಾಡ್ತೀನಿ, ಐದನೇ ದಿನ ಬಿಟ್ಟು ಹೋಗುತ್ತದೆ. ಕಲಿಸುವವರು ಇಲ್ಲಿ ಯಾರೂ ಇಲ್ಲ. ಒಬ್ಬಳೇ ಮಾಡಬಹುದಾ? ಆಮೇಲೆ ಮಾತ್ರೆ ಬಿಡಬಹುದಾ? ನಮ್ಮ ಯೋಗ ಇರುವಾಗ ಚೀನಾದ್ದು ಯಾಕೆ ಅಂತ ನಮ್ಮನೆಯವರು ನಗ್ತಾರೆ.

ಉತ್ತರ: ಮೊದಲು ಮಾತ್ರೆ ವಿಷಯ ಮುಗಿಸಿಬಿಡೋಣ. ಬಿಡಬೇಡಿ. ಚಿಗಾಂಗ್‌ನಿಂದ ಕೆಲವರ ಬಿಪಿ ಸ್ವಲ್ಪ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣವು, ಅಷ್ಟೇನೂ ಗಟ್ಟಿಯಲ್ಲದವು. ಮನೆಯಲ್ಲಿ ಬಿಪಿ ನೋಡುವ ಮೆಷಿನ್ ಇದ್ದರೆ ದಿನಾ ಒಂದೇ ಹೊತ್ತಿಗೆ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಅಂತ ಅದನ್ನು ನೋಡಿ ನಿಮ್ಮ ಡಾಕ್ಟರು ಹೇಳಲಿ.

ಇನ್ನು ಯಜಮಾನರ ನಗು. ‘ಚಿ’ ಅಂದರೆ ಉಸಿರು, ನಾವು ಪ್ರಾಣ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ‘ಗಾಂಗ್’ ಅಂದರೆ ಬಿಡದೆ ಮಾಡಿ ಕೈವಶ ಮಾಡಿಕೊಂಡ ಕೆಲಸ. 1973ರಲ್ಲಿ ಚೀನಾದ ಮವಾಂಗ್‌ಡುಯಿ ಎಂಬಲ್ಲಿ ಹಳೇ ಸಮಾಧಿ ಅಗೆದಾಗ ಒಂದು ರೇಷ್ಮೆ ಬಟ್ಟೆ ಸಿಕ್ಕಿತು. ಅದರ ಮೇಲೆ 44 ಜನ ಕೈ ಚಾಚಿ, ಬಾಗಿ, ಮೈ ಮುರಿಯುತ್ತಿರುವ ಚಿತ್ರಗಳಿವೆ. ಸಮಾಧಿ ಮುಚ್ಚಿ 2,100 ವರ್ಷದ ಮೇಲಾಗಿತ್ತು. ಪದ್ಧತಿ ಅಷ್ಟು ಹಳೆಯದು. ಚಿಗಾಂಗ್ ಅನ್ನೋ ಹೆಸರು ಬಳಕೆಗೆ ಬಂದದ್ದು ಮಾತ್ರ 1950ರ ದಶಕದಲ್ಲಿ. ನಿಮಗೆ ಯೋಗ ಒಗ್ಗಿದ್ದರೆ ಅದನ್ನೇ ಮಾಡಿ, ಜಗಳ ಬೇಡ. ಚಿಗಾಂಗ್‌ನಲ್ಲಿ ನಿಂತೇ ಮಾಡುವ ಬಗೆಗಳಿವೆ, ನೆಲದ ಮೇಲೆ ಕೂರಲೇಬೇಕು, ಮಲಗಲೇಬೇಕು ಅಂತಿಲ್ಲ. ಮಂಡಿ ನೋವಿನವರಿಗೆ ನಾನು ಇದನ್ನು ಹೇಳುವುದು ಅದಕ್ಕೇ. ‘ಚಿ’ಯನ್ನು ನಂಬಲೇಬೇಕು ಅಂತಲೂ ಇಲ್ಲ. ನಂಬದಿದ್ದರೂ ಹೆಗಲು ಸಡಿಲವಾಗುತ್ತದೆ.

ಐದನೇ ದಿನ ಬಿಟ್ಟು ಹೋಗುವುದು ಸೋಮಾರಿತನ ಅಲ್ಲ. ಅದಕ್ಕೊಂದು ಗೂಟ ಬೇಕು. ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುತ್ತೀರಲ್ಲ, ಹಂಡೆ ನೀರು ಕಾಯುವವರೆಗೆ ಸಮಯ ನಿಮ್ಮದೇ. ಬೆಂಕಿ ಹಾಕಿ ಸೀದಾ ಜಗಲಿಗೆ ಬನ್ನಿ. ಮಳೆಗಾಲದಲ್ಲೂ ಜಗಲಿ ಒಣಗಿರುತ್ತದೆ, ಇಂಬಳ ಕಾಲಿಗೆ ಹತ್ತುವುದಿಲ್ಲ. ಮೊದಲ ಎರಡು ವಾರ ಐದು ನಿಮಿಷ ಸಾಕು. ಆಮೇಲೆ ಹತ್ತು. ಒಂದು ದಿನ ತಪ್ಪಿದರೆ ಮರುದಿನ ಡಬಲ್ ಮಾಡಲು ಹೋಗಬೇಡಿ.

ಏನು ಮಾಡುವುದು? ‘ಬಾದುವಾನ್‌ಜಿನ್’ ಅಂತ ಎಂಟು ಚಲನೆಗಳ ಒಂದು ಸರಣಿ ಇದೆ. ಪೂರ್ತಿ ಮಾಡಿದರೆ ಹನ್ನೆರಡು ನಿಮಿಷದ ಸುಮಾರು. ನೀವು ಮೊದಲನೆಯದೊಂದರಿಂದ ಶುರು ಮಾಡಿ.

ಪಾದಗಳನ್ನು ಹೆಗಲಿನಷ್ಟು ಅಗಲ ಇಟ್ಟು ನಿಲ್ಲಿ. ಮಂಡಿ ಚೂರು ಸಡಿಲ. ಎರಡೂ ಕೈಗಳ ಬೆರಳು ಹೆಣೆದು, ಅಂಗೈ ಮೇಲೆ ಮಾಡಿ ಹೊಟ್ಟೆ ಮುಂದೆ ಹಿಡಿಯಿರಿ. ಉಸಿರು ಎಳೆಯುತ್ತಾ ಎದೆವರೆಗೆ ತನ್ನಿ, ಅಲ್ಲಿ ಅಂಗೈ ತಿರುಗಿಸಿ, ಅಟ್ಟದಿಂದ ಬುಟ್ಟಿ ಇಳಿಸಲು ಚಾಚುತ್ತೀರಲ್ಲ ಹಾಗೆ ಮೇಲಕ್ಕೆ ತಳ್ಳಿ. ವಿಡಿಯೋದಲ್ಲಿ ತಲೆ ಎತ್ತಿ ಕೈ ನೋಡುತ್ತಾರೆ. ನಿಮಗೆ ಕುತ್ತಿಗೆ ನೋವಿದೆ, ನೀವು ಎದುರಿಗಿರುವ ತೆಂಗಿನಮರ ನೋಡಿದರೆ ಸಾಕು. ಆಮೇಲೆ ಉಸಿರು ಬಿಡುತ್ತಾ ಕೈ ಬಿಡಿಸಿ ಪಕ್ಕದಿಂದ ನಿಧಾನ ಇಳಿಸಿ. ಆರು ಸಲ. ಉಸಿರು ಕಟ್ಟಿ ಹಿಡಿಯಲೇಬೇಡಿ, ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ.

ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಹೆಗಲು ಅವರಿಗೇ ಗೊತ್ತಿಲ್ಲದೆ ಕಿವಿ ಹತ್ತಿರ ಏರಿರುತ್ತದೆ. ದಿನವಿಡೀ ಹಾಗೇ. ಕೈ ಇಳಿಸುವಾಗ ಹೆಗಲೂ ಇಳಿಯಿತಾ ಅಂತ ಗಮನಿಸಿ, ಅರ್ಧ ಕೆಲಸ ಅಲ್ಲೇ ಇದೆ. ಸುಲಿತದ ದಿನಗಳಲ್ಲಿ ಗಂಟೆಗೊಮ್ಮೆ ಎದ್ದು ಎರಡು ಸಲ ಇದನ್ನೇ ಮಾಡಿ. ಪಕ್ಕದವರು ನಕ್ಕರೆ ಅವರನ್ನೂ ಎಬ್ಬಿಸಿ! ಆರನೇ ಚಲನೆಯಲ್ಲಿ ಪಾದ ಮುಟ್ಟಲು ಬಾಗಬೇಕು, ತಲೆ ಸುತ್ತುವ ಹಾಗಿದ್ದರೆ ಅದನ್ನು ಬಿಟ್ಟುಬಿಡಿ. ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ, ಕೈಯಿಂದ ವಸ್ತು ಜಾರಿದರೆ ಚಿಗಾಂಗ್ ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ನಿದ್ದೆಗೆ ರಾತ್ರಿ ಮಲಗುವ ಮೊದಲು ಸುಮ್ನೆ ನಿಲ್ಲುವುದು ಚೆನ್ನ. ಮರದ ಹಾಗೆ ನಿಲ್ಲುವುದು ಅನ್ನುತ್ತಾರೆ. ಮರ ತಬ್ಬಿದ ಹಾಗೆ ಕೈ ಎದೆ ಮುಂದೆ, ಎರಡು ನಿಮಿಷ. ಮರ ಅಂದೆ ಅಂತ ಮಗಳು ಫೋಟೋಗಾಗಿ ಕಾಡಿಗೆ ಕಳಿಸಿದರೆ ಹೋಗಬೇಡಿ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ ನಮ್ಮದೇ ಸೊರಬದ ಕ್ಯಾಸನೂರು ಕಾಡಲ್ಲಿ. ಬೇಸಿಗೆ ಮುಗಿಯುವವರೆಗೆ ಕಾಡಿನ ತರಗೆಲೆ ಮೇಲೆ ನಿಂತರೆ ಆ ಕಾಯಿಲೆ ಹರಡುವ ಉಣುಗು ಹತ್ತಬಹುದು.

ಪ್ರಶ್ನೆ: ಶಿವಮೊಗ್ಗದಲ್ಲಿ ಒಬ್ಬರು ಅಂಗೈಯಿಂದ ‘ಚಿ’ ಹರಿಸಿ ಅಪ್ಪನ ಶುಗರ್ ವಾಸಿ ಮಾಡ್ತೀನಿ ಅಂತಾರೆ. ಮುಂಗಡ ಕೇಳ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. 1980-90ರ ದಶಕದಲ್ಲಿ ಚೀನಾದಲ್ಲೇ ಇಂಥ ‘ಗುರು’ಗಳ ಹಾವಳಿ ಜೋರಾಗಿತ್ತು, ಹಲವರ ಬಂಡವಾಳ ಆಮೇಲೆ ಬಯಲಾಯಿತು. ಅಂಗೈ ದೂರದಲ್ಲಿಟ್ಟು ಸಕ್ಕರೆ ಕಾಯಿಲೆ ವಾಸಿ ಮಾಡಿದ್ದಕ್ಕೆ ಪುರಾವೆ ಇಲ್ಲ. ತಂದೆಯವರಿಗೆ ವಯಸ್ಸಾಗಿದ್ದರೆ ಒಂದು ಲಾಭವಂತೂ ಇದೆ: ಚಿಗಾಂಗ್‌ನ ಸೋದರ ತಾಯ್‌ಚಿಯನ್ನು ನಿಯಮಿತವಾಗಿ ಮಾಡುವ ವೃದ್ಧರು ಬೀಳುವುದು ಕಡಿಮೆ. ಇದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ಅವರೇ ಎದ್ದು ನಿಂತು ಮಾಡಬೇಕು. ಮೊದಲ ಕೆಲವು ದಿನ ಗೋಡೆ ಪಕ್ಕ ನಿಲ್ಲಿಸಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಒಂದು ಕುರ್ಚಿ ಇಡಿ.