ದುಡ್ಡು ಕೊಡೋಕೆ ಶುರು ಮಾಡಿದ ಮೇಲೆ ಮಗಳಿಗೆ ಓದೋ ಆಸೆಯೇ ಹೋಯ್ತು, ಯಾಕೆ?

ನಿಮ್ಮ ಪ್ರಶ್ನೆ ಓದಿ ಕರುಳು ಚುರ್ ಅಂತು. ಏಳು ವರ್ಷದ ಮಗಳು ಕಥೆ ಪುಸ್ತಕ ಸಿಕ್ಕರೆ ಊಟ ಮರೆಯುತ್ತಿದ್ದಳು. ಇನ್ನಷ್ಟು ಓದಲಿ ಅಂತ ಪುಸ್ತಕಕ್ಕೆ ಹತ್ತು ರೂಪಾಯಿ ಕೊಡತೊಡಗಿದಿರಿ. ಈಗ ದುಡ್ಡು ನಿಲ್ಲಿಸಿದ್ದೀರಿ, ಅವಳು ಪುಸ್ತಕ ಮುಟ್ಟುತ್ತಿಲ್ಲ. ಸೋಮಾರಿಯಾದಳು ಅಂತ ಮಾತ್ರ ಅಂದುಕೊಳ್ಳಬೇಡಿ. ಇದೇ ತಪ್ಪನ್ನು ನಾನು ಇಡೀ ತರಗತಿಯ ಮಕ್ಕಳ ಮೇಲೆ ಮಾಡಿದ್ದೇನೆ.

ನಾನು ಪ್ರಾಥಮಿಕ ಶಾಲೆ ಟೀಚರ್. ಒಂದು ವರ್ಷ ಗೋಡೆಗೆ ಚಾರ್ಟ್ ಅಂಟಿಸಿ, ಒಂದು ಪುಸ್ತಕ ಮುಗಿಸಿದರೆ ಒಂದು ಸ್ಟಾರ್, ಹತ್ತು ಸ್ಟಾರ್‌ಗೆ ಪೆನ್ಸಿಲ್ ಬಾಕ್ಸ್ ಅಂದೆ. ಮೊದಲ ವಾರ ಬೀರು ಖಾಲಿ. ಮೂರನೇ ವಾರ ಒಬ್ಬ ಹುಡುಗಿ ಬೀರುವಿನ ಮುಂದೆ ನಿಂತು ಪುಸ್ತಕಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಹಿಡಿದು ದಪ್ಪ ನೋಡುತ್ತಿದ್ದಳು. ಮೊಸಳೆ ಕಥೆಯೊಂದನ್ನು ಮೂರು ಸಲ ಮನೆಗೆ ಒಯ್ದಿದ್ದ ಮಗು ಅದು. ತೀರಾ ತೆಳ್ಳಗಿನದೊಂದನ್ನು ಎಳೆದು, "ಮಿಸ್, ಇದಕ್ಕೂ ಒಂದು ಸ್ಟಾರ್ ತಾನೇ?" ಅಂದಳು.

ಡಿ.ಇಡಿ. ಶಿಕ್ಷಕ ತರಬೇತಿಯಲ್ಲಿ ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ನ ಪುನರ್ಬಲನ, ಅಂದರೆ ಬಹುಮಾನ ಸಿಕ್ಕ ಕೆಲಸ ಮತ್ತೆ ಮತ್ತೆ ನಡೆಯುತ್ತದೆ ಅನ್ನುವ ಪಾಠ, ನಮಗೆಲ್ಲ ಬಾಯಿಪಾಠ. ಪೆಟ್ಟಿಗೆಯೊಳಗಿನ ಸನ್ನೆಕೋಲು ಒತ್ತಿದಾಗ ತಿನ್ನಲು ಸಿಕ್ಕರೆ ಇಲಿ ಮತ್ತೆ ಮತ್ತೆ ಒತ್ತುತ್ತದೆ. ಅದು ನಿಜ. ಆದರೆ ಆ ಇಲಿ ಸನ್ನೆಕೋಲನ್ನು ಮೊದಲಿಂದ ಪ್ರೀತಿಸುತ್ತಿರಲಿಲ್ಲ. ನಿಮ್ಮ ಮಗಳು ಪುಸ್ತಕವನ್ನು ಪ್ರೀತಿಸುತ್ತಿದ್ದಳು.

ಇದನ್ನೇ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ 51 ಮಕ್ಕಳು. ಒಂದು ಗುಂಪಿಗೆ, ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಆಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಿನಲ್ಲಿ ಗಮನಿಸಿದಾಗ, ಮೊದಲೇ ಮಾತು ಕೊಟ್ಟಿದ್ದ ಗುಂಪಿನವರು ಪೆನ್ನು ಹಿಡಿದದ್ದು ಉಳಿದವರ ಅರ್ಧದಷ್ಟು ಹೊತ್ತು.

ಹೇಳದೆ ಕೊಟ್ಟ ಗುಂಪಿಗೂ ಅದೇ ಪ್ರಶಸ್ತಿಪತ್ರ ಸಿಕ್ಕಿತ್ತು, ಅವರ ಆಸೆ ಕುಗ್ಗಲಿಲ್ಲ. ಅಂದರೆ ಕೆಡಿಸಿದ್ದು ಬಹುಮಾನವಲ್ಲ, 'ಇದು ಮಾಡಿದರೆ ಅದು ಕೊಡ್ತೀನಿ' ಅನ್ನುವ ಮುಂಗಡ ಕರಾರು. 'ನಾನು ಯಾಕೆ ಓದ್ತೀನಿ?' ಅನ್ನುವುದಕ್ಕೆ ಮಗುವಿನ ಮನಸ್ಸಿನಲ್ಲಿದ್ದ ಉತ್ತರವೇ ಬದಲಾಗಿಬಿಡುತ್ತದೆ. ಮೊದಲು ಕಥೆಗಾಗಿ, ಈಗ ಹತ್ತು ರೂಪಾಯಿಗಾಗಿ.

ಹಾಗಂತ ಬಹುಮಾನವೇ ವಿಷ ಅಂತಲ್ಲ. ಮಗ್ಗಿ ಕಂಡರೆ ಓಡುವ ಮಗುವಿಗೆ ಶುರುವಿನಲ್ಲಿ ಒಂದು ಆಸೆ ತೋರಿಸಿದರೆ ನಷ್ಟವಿಲ್ಲ, ಕಳೆದುಕೊಳ್ಳಲು ಅಲ್ಲಿ ಪ್ರೀತಿಯೇ ಇಲ್ಲವಲ್ಲ. ಮನಸಾರೆ ಮೆಚ್ಚಿದ ಮಾತು ಸಾಮಾನ್ಯವಾಗಿ ಕೆಡಿಸುವುದಿಲ್ಲ.

ದಯವಿಟ್ಟು ಮತ್ತೆ ದುಡ್ಡು ಶುರು ಮಾಡಬೇಡಿ, ಇಪ್ಪತ್ತು ಅಂತೂ ಬೇಡವೇ ಬೇಡ. ಓದು ಅಂತಲೂ ಹೇಳಬೇಡಿ. ರಾತ್ರಿ ಪಕ್ಕದಲ್ಲಿ ಕೂತು ನೀವೇ ಜೋರಾಗಿ ಓದಿ, ಕುತೂಹಲ ಏರಿದ ಕಡೆ ನಿಲ್ಲಿಸಿ, ಪುಸ್ತಕ ಅಲ್ಲೇ ಬಿಟ್ಟು ಎದ್ದುಹೋಗಿ. ಎಷ್ಟು ಪುಟ ಆಯ್ತು ಅಂತ ಕೇಳಬೇಡಿ, ಆ ನರಿ ಕೊನೆಗೆ ಏನಾಯ್ತು ಅಂತ ಕೇಳಿ. ತಕ್ಷಣ ಫಲ ಸಿಗದಿದ್ದರೆ ಎದೆಗುಂದಬೇಡಿ. ನಾನು ಚಾರ್ಟ್ ಕಿತ್ತುಹಾಕಿದ್ದು ದಸರಾ ರಜೆಗೆ ಮುಂಚೆ. ಆ ಹುಡುಗಿ ಮೊಸಳೆ ಪುಸ್ತಕವನ್ನು ಮತ್ತೆ ಕೇಳಿಕೊಂಡು ಬಂದದ್ದು ಸಂಕ್ರಾಂತಿ ಕಳೆದ ಮೇಲೆ.